ಸೀಟಿನಡಿಯ ಗಂಟು

ಹೊಲಿಗೆ ಕೋಣೆಯಿಂದ,
ಮಾರ್ಚ್ ಹನ್ನೊಂದು, ಸೋಮವಾರ ಬೆಳಗ್ಗೆ

ಮುದ್ದು ಮಗ ಪುಟ್ಟುವಿಗೆ,

ನಿನ್ನ ಬೆನ್ನುನೋವು ಈಗ ಹೇಗಿದೆ? ಭಾರ ಎತ್ತಬೇಡ ಎಂದರೆ ನೀನು ಕೇಳುವವನಲ್ಲ, ಆದರೂ ಹೇಳುತ್ತೇನೆ. ನಾವು ಚೆನ್ನಾಗಿದ್ದೇವೆ. ಅಪ್ಪನ ಕೆಮ್ಮು ಕಡಿಮೆಯಾಗಿದೆ, ಗೊಣಗಾಟ ಕಡಿಮೆಯಾಗಿಲ್ಲ.

ನಿನ್ನೆ ಹಳೆಯ ಕಾರುಗಳ ಪ್ರದರ್ಶನದಲ್ಲಿ ನಿನ್ನ ತಂಗಿ ಮೊದಲ ಸಲ ತೀರ್ಪುಗಾರರ ಜೊತೆ ನಿಂತಿದ್ದಳು. ನಾನು ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ, ಕೈಯಲ್ಲೊಂದು ಪುಟ್ಟ ಟಾರ್ಚು. ಅಲ್ಲಿಯ ನಿಯಮ ನಿನಗೆ ಮರೆತಿರಬಹುದು. ಕಾರ್ಖಾನೆಯಿಂದ ಬಂದ ಭಾಗವೇ ಉಳಿದಿದ್ದರೆ ಪೂರ್ತಿ ಅಂಕ. ಅದರಂತೆಯೇ ಹೊಸದಾಗಿ ಮಾಡಿಸಿ ಹಾಕಿದ್ದರೆ, ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಕಡಿತ. ಕೈಕೆಲಸದ ಅಚ್ಚುಕಟ್ಟಿಗೆ ಬೇರೆಯೇ ಅಂಕ. ಮೈದಾನದ ನಡುವೆ ನಮ್ಮ ಗಿರಾಕಿಯೊಬ್ಬರ ಹಸಿರು ಕಾರು ನಿಂತಿತ್ತು. ಹೋದ ಚಳಿಗಾಲದಲ್ಲಿ ಅದರ ಸೀಟು ಹೊಲಿದವಳು ನಾನೇ. ಆಗ ನಿನ್ನ ತಂಗಿ ತರಬೇತಿಗೆ ಹೋಗಿದ್ದಳು, ಅದನ್ನು ನೋಡಿರಲೇ ಇಲ್ಲ. ಉಳಿದ ಕಾರಿಗೆ ಹೊಂದಲಿ ಎಂದು ಚಹಾದಲ್ಲಿ ದಾರ ನೆನೆಸಿ ಬಣ್ಣ ಕಟ್ಟಿದ್ದೆ, ಕೂತು ಕೂತು ಸವೆದಂತೆ ಚರ್ಮದ ಅಂಚು ತೀಡಿದ್ದೆ. ಅಂಥ ಕೆಲಸ ನನ್ನ ಕೈಯಿಂದ ಮತ್ತೊಂದು ಆಗಿಲ್ಲ.

ಗಿರಾಕಿ ಎದೆಯುಬ್ಬಿಸಿಕೊಂಡು, "ಕಾರ್ಖಾನೆಯಿಂದ ಬಂದಾಗಿನ ಸೀಟೇ ಇದು" ಎಂದರು. ಹಿರಿಯ ತೀರ್ಪುಗಾರರಿಬ್ಬರೂ ಸವರಿ ನೋಡಿ ಒಪ್ಪಿಬಿಟ್ಟರು. ಹಗ್ಗದ ಈಚೆ ನಿಂತಿದ್ದ ನನಗೆ ಹಿಗ್ಗೂ ಆಯಿತು, ಕಸಿವಿಸಿಯೂ ಆಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ತಂಗಿ ಮಂಡಿಯೂರಿ ಸೀಟಿನಡಿ ಕೈಯಾಡಿಸಿದಳು. ನಾನು ಎಡಗೈಯವಳಲ್ಲವೇ, ಕೊನೆಯ ಗಂಟು ಯಾವಾಗಲೂ ಎಡಕ್ಕೆ ತಿರುಗಿ ಕೂರುತ್ತದೆ. ಅವಳ ಬೆರಳು ಅಲ್ಲಿಯೇ ನಿಂತಿತು. ತಲೆಯೆತ್ತಿ ನನ್ನತ್ತ ನೋಡಿದಳು. ಹೌದು ಎಂದು ಕತ್ತು ಆಡಿಸಿದೆ.

"ಇದು ಹೊಸ ಸೀಟು ಸಾರ್. ಹೊಲಿದಿರೋದು ನಮ್ಮಮ್ಮ."

ಗಿರಾಕಿಯ ಮುಖ ಕೆಂಪೇರಿತು. "ನಿಮ್ಮಮ್ಮನ ಕೆಲಸಕ್ಕೆ ನೀವೇ ಅಂಕ ಕಳೀತೀರಾ?"

"ಕೆಲಸಕ್ಕೆ ಕಳೀತಿಲ್ಲ. ಹಳೇದು ಅಂದ್ರಲ್ಲ, ಅದಕ್ಕೆ."

ದನಿ ಏರಿಸಲಿಲ್ಲ ನೋಡು, ಅದು ನನಗೆ ಹಿಡಿಸಿತು. ಆಮೇಲೆ ಕೈಕೆಲಸದ ಅಂಕ ಹಾಕುವ ಹೊತ್ತಿಗೆ ಹಾಳೆಯನ್ನು ಮುಖ್ಯ ತೀರ್ಪುಗಾರರ ಕೈಗಿತ್ತು, "ಇದನ್ನ ನಾನು ಹಾಕೋದು ಸರಿಯಲ್ಲ, ನೀವೇ ಹಾಕಿ" ಎಂದು ದೂರ ಸರಿದಳು. ಅವರು ಬಗ್ಗಿ ಒಂದೊಂದೇ ಹೊಲಿಗೆ ನೋಡಿ ಪೂರ್ತಿ ಅಂಕ ಕೊಟ್ಟರು. ಕಾರಿಗೆ ಎರಡನೇ ಸ್ಥಾನ ಬಂತು. ಇನ್ನು ನಮ್ಮ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ಗಿರಾಕಿ ಹೇಳಿ ಹೋದರು, ಹೋಗಲಿ ಬಿಡು. ಹಿರಿಯ ತೀರ್ಪುಗಾರರೊಬ್ಬರು ನಗುತ್ತಾ ಬಂದು, "ನಮ್ಮನ್ನೇ ಯಾಮಾರಿಸಿಬಿಟ್ರಲ್ಲಮ್ಮಾ" ಎಂದರು. ಮಗಳನ್ನು ಯಾಮಾರಿಸಲಾಗಲಿಲ್ಲವಲ್ಲ ಎಂದುಕೊಂಡು ಮನಸ್ಸು ತುಂಬಿ ಬಂತು. ಬಸ್ಸಿನಲ್ಲಿ ಅವಳು ಮೆಲ್ಲಗೆ, "ಬೇಜಾರಾಯ್ತಾ ಅಮ್ಮ?" ಎಂದು ಕೇಳಿದಳು. ಅವಳ ಕೈ ಹಿಡಿದುಕೊಂಡೇ ಮನೆಗೆ ಬಂದೆ.

ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ಅಪ್ಪನದೂ ನನ್ನದೂ ಆಶೀರ್ವಾದ ನಿನ್ನ ಮೇಲಿದೆ.

ಇಂತಿ ನಿನ್ನ
ಅಮ್ಮ

ತಾ.ಕ.: ನಮ್ಮ ಹಳೇ ಕಾರು ಮಾರಲು ನೀನು ಬರೆದು ಕಳಿಸಿದ ಜಾಹೀರಾತನ್ನು ಅಪ್ಪ ಈಗಷ್ಟೇ ಓದಿ ಹೇಳಿದರು. ಸೀಟು ಕಾರ್ಖಾನೆಯದೇ ಎಂದು ಹಾಕಿದ್ದೀಯಂತೆ. ನೀನು ಚಿಕ್ಕವನಿದ್ದಾಗ ನಾನೇ ಹೊಲಿದ ಸೀಟಲ್ಲವೇನೋ ಅದು? ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ಸವರಿಕೊಟ್ಟವನು ನೀನೇ. ತಿದ್ದಿ ಕಳಿಸು. ಅಮ್ಮ ಹೊಲಿದದ್ದು ಎಂದೇ ಬರೆ, ದೊಡ್ಡ ಅಕ್ಷರದಲ್ಲಿ.