ನೀಲಿ ಅಂಗಿಯ ಒಳಹೊಲಿಗೆ

ಗುರುವಾರ, ಮಾರ್ಚ್ ೧೩

ಸೂಜಿ,

ಅಕ್ಕ ತಂಗಿಗೆ ಬರೆಯುವ ಕಾಗದ ಆಶೀರ್ವಾದದಿಂದ ಶುರುವಾಗಬೇಕು. ಇವತ್ತು ಅದು ಕೈಗೆ ಬರುತ್ತಿಲ್ಲ. ‘ನಾನು ಇಲ್ಲಿ ಕ್ಷೇಮ’ ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮಿಬ್ಬರ ನಡುವೆ ಸುಳ್ಳು ಈಗಾಗಲೇ ಬೇಕಾದಷ್ಟಾಗಿದೆ. ಫೋನು ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಫೋನು ಮಾಡಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಸಮಾಧಾನ ಮಾಡಲು ಕೂರುತ್ತೇನೆ, ಬೈಯಬೇಕಾದ್ದೆಲ್ಲ ಗಂಟಲಲ್ಲೇ ಉಳಿದುಬಿಡುತ್ತದೆ.

ಕಾಗದದ ಜೊತೆ ಒಂದು ಪೊಟ್ಟಣ ಬಂದಿರುತ್ತದೆ. ಅದರಲ್ಲಿರುವುದು ನೀಲಿ ಅಂಗಿ. ಎರಡೂ ಪಕ್ಕದ ಹೊಲಿಗೆ ಬಿಚ್ಚಿದ್ದೇನೆ. ಹೊಲಿದುಕೊಡು ಎಂದು ಕಳಿಸಿದ್ದಲ್ಲ, ನೋಡು ಎಂದು ಕಳಿಸಿದ್ದು.

ಆ ಅಂಗಿ ಹೇಗೆ ಹುಟ್ಟಿತು ಎಂದು ನಿನಗೆ ನೆನಪಿದೆಯೇ? ನನಗೆ ಚೆನ್ನಾಗಿ ನೆನಪಿದೆ. ಆರು ವರ್ಷದ ಹಿಂದೆ, ನೂರ ಹದಿನೆಂಟು ಕಿಲೋ ಇದ್ದ ನಾನು ಆಪರೇಷನ್ ಮೇಜಿನ ಮೇಲೆ ಮಲಗಿದೆ. ಐದು ಸಣ್ಣ ತೂತು ಕೊರೆದು, ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದರು. ಹದಿನಾಲ್ಕು ತಿಂಗಳಲ್ಲಿ ಅರವತ್ತೊಂಬತ್ತಕ್ಕೆ ಇಳಿದೆ. ಇಳಿದವಳು ನೆಮ್ಮದಿಯಾಗಿ ಇದ್ದೆನೇ? ಅದೂ ಇಲ್ಲ. ದಿನಕ್ಕೆ ಐದು ಸಲ ತಕ್ಕಡಿ ಹತ್ತುತ್ತಿದ್ದೆ. ನೀರು ಕುಡಿಯುವ ಮೊದಲು ಒಂದು ಸಲ, ಕುಡಿದ ಮೇಲೆ ಒಂದು ಸಲ. ಕಾಲು ಕಿಲೋ ಹೆಚ್ಚಾದರೆ ಆ ದಿನ ಯಾರ ಜೊತೆಯೂ ಮಾತಿಲ್ಲ. ಆಸ್ಪತ್ರೆಯ ಆಹಾರ ಹೇಳಿಕೊಡುವ ಹುಡುಗಿ ವಾರಕ್ಕೊಂದು ಸಲ ಸಾಕು ಎಂದರೂ ನಾನು ಕೇಳಲಿಲ್ಲ. ಕೊನೆಗೆ ನಿನ್ನ ಮನೆಗೆ ಬಂದಿದ್ದಾಗ ಬಚ್ಚಲ ಬಾಗಿಲು ಹಾಕಿಕೊಂಡು ಅಳುತ್ತಿದ್ದವಳನ್ನು ನೀನೇ ಹೊರಗೆ ಕರೆದು, ತಕ್ಕಡಿಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ನಿನ್ನ ಹೊಲಿಗೆ ಅಂಗಡಿಯಲ್ಲಿದ್ದ ನೀಲಿ ಬಟ್ಟೆಯಲ್ಲಿ ಮೈಗೆ ಅಂಟಿದ ಹಾಗೆ ಈ ಅಂಗಿ ಹೊಲಿದು, “ತಿಂಗಳಿಗೊಂದು ಸಲ ಇದನ್ನ ಹಾಕ್ಕೊಂಡು ನೋಡು, ಸಾಕು. ಇದು ಹಿಡಿಸೋವರೆಗೂ ನೀನು ಗೆದ್ದ ಹಾಗೆ,” ಅಂದೆ.

ಅಪ್ಪ ನಿನಗೆ ಸೂಜಿ, ನನಗೆ ಮೂಟೆ ಎಂದು ಹೆಸರಿಟ್ಟ. ನೀನು ಸೂಜಿ ಹಿಡಿದೇ ಬದುಕಿದೆ, ನಾನು ಮೂಟೆ ತೂಗಿ ಬದುಕಿದೆ. ಹದಿನೇಳು ವರ್ಷದಿಂದ ಗೋದಾಮಿನ ಗೇಟಿನ ಪಕ್ಕದ ಗಾಜಿನ ಕೋಣೆಯಲ್ಲಿ ಕೂತು ಲಾರಿ ತೂಗುತ್ತಿದ್ದೇನೆ. ಒಳಗೆ ಬರುವಾಗ ಒಂದು ತೂಕ, ಖಾಲಿ ಮಾಡಿ ಹೋಗುವಾಗ ಒಂದು ತೂಕ. ಒಂದು ಚಕ್ರವನ್ನು ತೂಗುವ ಪ್ಲೇಟಿನ ಆಚೆ ನಿಲ್ಲಿಸಿ ತೂಕ ಕದಿಯಲು ನೋಡುವ ಡ್ರೈವರುಗಳನ್ನು ಕೂತಲ್ಲಿಂದಲೇ ಹಿಡಿಯುತ್ತೇನೆ. ನನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ ಎಂದು ಅವರಿಗೆಲ್ಲ ಗೊತ್ತು. ಆದರೆ ನನ್ನ ಒಡಹುಟ್ಟಿದವಳೇ ಎರಚಿದಳಲ್ಲ, ಅದೂ ಮೂರು ಸಲ.

ಕಳೆದ ವಾರ ಬುಧವಾರ ಬೆಳಿಗ್ಗೆ ಆ ಅಂಗಿ ಹಾಕಿಕೊಂಡೇ ಕೆಲಸಕ್ಕೆ ಹೋಗಿದ್ದೆ. ಮೇಲಿನ ಕಪಾಟಿನಿಂದ ಚೀಟಿಯ ಕಟ್ಟು ತೆಗೆಯಲು ಕೈ ಎತ್ತಿದೆ. ಕಿಟಕಿಯ ಬಿಸಿಲು ನೇರವಾಗಿ ಮೈಮೇಲೆ ಬಿದ್ದಿತ್ತು. ಗುಡಿಸುವ ಅಮ್ಮ ಪೊರಕೆ ನಿಲ್ಲಿಸಿ, “ಅಕ್ಕ, ನಿಮ್ಮ ಅಂಗಿಗೆ ತೇಪೆ ಹಾಕ್ದೋರು ಯಾರು? ಭಾರಿ ಜಾಣೆ ಕಣ್ರೀ. ಬಿಸ್ಲಿಗೆ ಬಂದಿದ್ದಕ್ಕೆ ಕಂಡ್ತು, ಇಲ್ಲಾಂದ್ರೆ ದೇವ್ರಾಣೆಗೂ ಗೊತ್ತಾಗ್ತಿರ್ಲಿಲ್ಲ,” ಎಂದಳು. ಪಾಪ, ಹೊಗಳಿಕೆ ಎಂದುಕೊಂಡೇ ಹೇಳಿದಳು.

ಮನೆಗೆ ಬಂದು ಬ್ಲೇಡು ಹಿಡಿದು ಕೂತೆ. ನಿನ್ನ ಕೈ ನನಗೆ ಗೊತ್ತಿಲ್ಲವೇ? ಮೊದಲ ಹೊಲಿಗೆ ಇದ್ದ ಕಡೆ ಸೂಜಿ ತೂತಿನ ಸಾಲು ಹಾಗೇ ಇದೆ. ಅದರಿಂದ ಅರ್ಧ ಬೆರಳು ಆಚೆ ಇನ್ನೊಂದು ಸಾಲು, ಅದರಾಚೆ ಬಟ್ಟೆಯ ಅಂಚಿಗೆ ಮತ್ತೊಂದು. ಅಲ್ಲಿಗೆ ಒಳಗೆ ಬಿಟ್ಟಿದ್ದ ಬಟ್ಟೆ ಮುಗಿದಿದೆ. ಮೂರನೆಯ ಸಲ ಬಿಚ್ಚಲು ಏನೂ ಉಳಿಯದೆ, ಕಂಕುಳಿನಿಂದ ಸೊಂಟದವರೆಗೆ ಎರಡೂ ಪಕ್ಕಕ್ಕೆ ಅದೇ ಬಟ್ಟೆಯ ಪಟ್ಟಿ ಕೂಡಿಸಿದ್ದೀಯ. ಹೊಸ ಬಟ್ಟೆ ಎದ್ದು ಕಾಣಬಾರದೆಂದು ನಾಲ್ಕಾರು ಸಲ ಒಗೆದು ಬಿಸಿಲಿಗೆ ಹಾಕಿ ಬಣ್ಣ ಇಳಿಸಿಯೂ ಇದ್ದೀಯ. ನಿನ್ನ ಅಂಗಡಿಯಲ್ಲಿ ಮದುವೆಯ ಬಟ್ಟೆ ಹೊಲಿಸುವವರಿಗೂ ಇಷ್ಟು ಮುತುವರ್ಜಿ ಸಿಕ್ಕಿರಲಿಕ್ಕಿಲ್ಲ.

ನಿನಗೆ ಅಳತೆ ಸಿಕ್ಕಿದ್ದು ಹೇಗೆ ಎಂದು ನಾನು ಕೇಳುವುದಿಲ್ಲ. ಬಾಗಿಲಲ್ಲಿ ನಿಂತವರ ಸುತ್ತಳತೆಯನ್ನು ಟೇಪು ಮುಟ್ಟದೆ ಹೇಳುವವಳು ನೀನು. ನಾನು ಬಸ್ಸಿಳಿದು ನಿನ್ನ ಮನೆಯ ಮೆಟ್ಟಿಲು ಹತ್ತುವಾಗಲೇ ಲೆಕ್ಕ ಹಾಕಿರುತ್ತೀಯ. ಪ್ರತಿ ಸಲವೂ ನಾನು ಅಂಗಿ ಕೊಟ್ಟಿದ್ದು ಗುಂಡಿ ಬಿದ್ದುಹೋಗಿದೆ ಎಂದು. ಗುಂಡಿ ಹಾಕು ಎಂದರೆ ಗುಂಡಿ ಹಾಕಬೇಕು. ಮಿಕ್ಕದ್ದನ್ನು ಮಾಡು ಎಂದು ನಿನಗೆ ಯಾರು ಹೇಳಿದ್ದರು?

ನಾನು ಆ ಅಂಗಿಯನ್ನು ನಂಬಿದ್ದೆ ಸೂಜಿ. ಬೇರೆ ಬಟ್ಟೆಗಳೆಲ್ಲ ಬಿಗಿಯಾಗುತ್ತ ಬಂದಾಗ ಒಗೆದು ಒಗೆದು ಕುಗ್ಗಿವೆ ಎಂದುಕೊಂಡೆ. ಆಸ್ಪತ್ರೆಯಿಂದ ಪ್ರತಿ ಆರು ತಿಂಗಳಿಗೆ ಫೋನು ಬರುತ್ತಿತ್ತು, ಬಂದು ತೋರಿಸಿಕೊಂಡು ಹೋಗಿ ಎಂದು. ನೀಲಿ ಅಂಗಿ ಹಿಡಿಸುತ್ತಿದೆ, ಡಾಕ್ಟರಿಗೆ ತೋರಿಸುವುದೇನಿದೆ ಎಂದು ಹೋಗಲಿಲ್ಲ. ಹೀಗೇ ನಾಲ್ಕು ವರ್ಷ ಕಳೆಯಿತು.

ತಿನ್ನುವ ವಿಷಯವನ್ನೂ ಹೇಳಿಬಿಡುತ್ತೇನೆ, ಆಮೇಲೆ ನೀನು ಅದನ್ನೇ ಹಿಡಿದು ಜಗ್ಗಬಾರದು. ಮೊದಲ ವರ್ಷ ಹಸಿವು ಎಂಬುದೇ ಇರಲಿಲ್ಲ. ಅರ್ಧ ಬಟ್ಟಲು ಸಾರು ಕುಡಿದರೆ ಹೊಟ್ಟೆ ತುಂಬಿ ಬರುತ್ತಿತ್ತು. ಸಿಹಿ ಬಾಯಿಗಿಟ್ಟರೆ ಎದೆ ಹೊಡೆದುಕೊಂಡು ಬೆವರು ಕಿತ್ತು ಬಂದು ಮಲಗಿಬಿಡಬೇಕಾಗಿತ್ತು. ಹೊಟ್ಟೆಯೇ ಬೈದು ತಿದ್ದುತ್ತಿತ್ತು. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಅದು ಬೈಯುವುದನ್ನು ಬಿಟ್ಟಿತು. ಹಸಿವು ನೆಂಟನ ಹಾಗೆ ಹೋಗಿತ್ತು, ಯಜಮಾನನ ಹಾಗೆ ವಾಪಸು ಬಂತು. ಊಟ ಈಗಲೂ ಸ್ವಲ್ಪವೇ. ಯಾರ ಮುಂದೆ ಕೂತು ಉಂಡರೂ “ಅಯ್ಯೋ ಇಷ್ಟೇನಾ?” ಎಂದು ಕೇಳುತ್ತಾರೆ. ಆದರೆ ಗಾಜಿನ ಕೋಣೆಯಲ್ಲಿ ಕೈಗೆ ಸಿಗುವ ಹಾಗೆ ಬಿಸ್ಕತ್ತಿನ ಡಬ್ಬಿ ಇದೆ. ಚಹಾದಲ್ಲಿ ಅದ್ದಿದ ಬಿಸ್ಕತ್ತಿಗೆ ಜಠರದಲ್ಲಿ ಜಾಗವೇ ಬೇಡ, ಜಾರಿಕೊಂಡು ಹೋಗುತ್ತದೆ. ಎರಡು ಲಾರಿಯ ನಡುವೆ ಎರಡೇ ಬಿಸ್ಕತ್ತು. ದಿನಕ್ಕೆ ಎಷ್ಟು ಲಾರಿ ಬರುತ್ತವೆ ಎಂದು ನೀನು ಯಾವತ್ತೂ ಕೇಳಿಲ್ಲ, ನಾನೂ ಹೇಳಿಲ್ಲ.

ಭಾನುವಾರ ಮಧ್ಯಾಹ್ನ ಗೋದಾಮಿಗೆ ರಜೆ. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಹೋಗಿ ಯಂತ್ರ ಚಾಲೂ ಮಾಡಿ, ಹೊರಗೆ ಬಂದು ಲಾರಿ ನಿಲ್ಲುವ ಕಬ್ಬಿಣದ ಪ್ಲೇಟಿನ ನಟ್ಟನಡುವೆ ಚಪ್ಪಲಿ ಬಿಟ್ಟು ನಿಂತೆ. ಕಬ್ಬಿಣ ಕಾದು ಕಾಲು ಸುಡುತ್ತಿತ್ತು. ಆ ಯಂತ್ರಕ್ಕೆ ಮನುಷ್ಯರ ತೂಕ ಲೆಕ್ಕಕ್ಕಿಲ್ಲ, ಅದು ಹತ್ತು ಹತ್ತು ಕಿಲೋ ಮಾತ್ರ ಎಣಿಸುತ್ತದೆ. ಗೋಡೆಯ ಮೇಲಿನ ಕೆಂಪು ಅಂಕಿ ತೊಂಬತ್ತು ಎಂದು ತೋರಿಸಿತು, ನೂರು ಎಂದು ತೋರಿಸಿತು, ಮತ್ತೆ ತೊಂಬತ್ತು, ಮತ್ತೆ ನೂರು. ಉಸಿರು ಬಿಗಿಹಿಡಿದು ನಿಂತರೂ ನಿಲ್ಲಲೊಲ್ಲದು. ಬಿಸಿಲಿನಲ್ಲಿ ಒಬ್ಬಳೇ ನಿಂತು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ನಾಚಿಕೆಯಾಯಿತು, ಸಿಟ್ಟು ಬಂತು, ಇವೆರಡರಲ್ಲಿ ಯಾವುದು ಹೆಚ್ಚೆಂದು ನನಗೆ ಈಗಲೂ ಗೊತ್ತಿಲ್ಲ.

ಮಂಗಳವಾರ ಆಸ್ಪತ್ರೆಗೆ ಹೋದೆ. ತೊಂಬತ್ತಾರು ಕಿಲೋ ನಾನೂರು ಗ್ರಾಂ. ರಕ್ತದಲ್ಲಿ ಕಬ್ಬಿಣದ ಅಂಶ ತಳಕ್ಕಿಳಿದಿದೆ, ಮೂಳೆ ಸವೆಯಲು ಶುರುವಾಗಿದೆ. ವರ್ಷದಿಂದ ಕೂದಲು ಉದುರುತ್ತಿದ್ದದ್ದಕ್ಕೆ ನೀರನ್ನು ದೂರುತ್ತಿದ್ದೆ. ಡಾಕ್ಟರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. “ತೂಕ ಸ್ವಲ್ಪ ವಾಪಸ್ ಬರೋದು ಬಹಳ ಜನಕ್ಕೆ ಆಗುತ್ತಮ್ಮ, ಅದು ನಿಮ್ಮ ತಪ್ಪು ಅಂತಲ್ಲ. ಆದ್ರೆ ಐದು ಕೆಜಿ ಏರಿದಾಗ ಬಂದಿದ್ರೆ ನನ್ನ ಕೈಲಿ ಬೇಕಾದಷ್ಟು ದಾರಿ ಇತ್ತು. ನಾಲ್ಕು ವರ್ಷ ಎಲ್ಲಿದ್ರಿ?” ಎಂದು ಕೇಳಿದರು. ನೀಲಿ ಅಂಗಿಯೊಳಗಿದ್ದೆ ಎಂದು ಹೇಳಲೇ?

ನೀನು ಈಗ ಹೇಳುವುದು ನನಗೆ ಗೊತ್ತು. ಒಂದು ಸಲ ಹೇಳಲು ನೋಡಿದೆನಲ್ಲ ಅಕ್ಕ, ಎನ್ನುತ್ತೀಯ. ಹೌದು, ನಿನ್ನ ಮನೆಯಲ್ಲಿ ಊಟಕ್ಕೆ ಕೂತಾಗ “ಅಕ್ಕ, ಕೋಪ ಮಾಡ್ಕೋಬೇಡ, ಸೊಂಟದ ಹತ್ರ ಸ್ವಲ್ಪ...” ಎಂದು ಶುರುಮಾಡಿದ್ದೆ. ನಾನು ತಟ್ಟೆ ಬಿಟ್ಟೆದ್ದು ಸಿಕ್ಕಿದ ಬಸ್ಸು ಹತ್ತಿದೆ. ಎರಡು ತಿಂಗಳು ನಿನ್ನ ಫೋನು ಎತ್ತಲಿಲ್ಲ. ಅದು ಬೇರೆ ವಿಷಯ. ಒಂದು ಸಲ ಬಾಗಿಲು ಹಾಕಿಕೊಂಡರೆ ಎರಡನೆಯ ಸಲ ತಟ್ಟಬಾರದೆಂದು ಎಲ್ಲಿದೆ?

ಇಷ್ಟೇ ಆಗಿದ್ದರೆ ಬಹುಶಃ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ನಿನ್ನೆ ಸಂಜೆ ನಿನ್ನ ಮಗಳು ಫೋನು ಮಾಡಿದಳು. ಮರಿಗೆ ನಿನ್ನ ಮೂಗು, ನಿನ್ನ ನಾಲಿಗೆ. ಮೈಕಟ್ಟು ಮಾತ್ರ ನನ್ನದು. ಸೂಜಿಯ ಹೊಟ್ಟೆಯಲ್ಲಿ ಮೂಟೆ ಹುಟ್ಟಿತು ಎಂದು ನೆಂಟರೆಲ್ಲ ನಕ್ಕಾಗ ಅವಳನ್ನು ಎತ್ತಿಕೊಂಡು ಒಳಗೆ ಹೋದವಳು ನಾನು. ಕೆಲಸ ಸಿಕ್ಕಿ ದೂರ ಹೋದ ಮೇಲೆ ಮೂರು ವರ್ಷದಿಂದ ಅವಳು ನನ್ನನ್ನು ಕಣ್ಣಾರೆ ನೋಡಿಲ್ಲ. ಇಪ್ಪತ್ತೇಳನೆಯ ತಾರೀಕು ಅವಳಿಗೂ ಅದೇ ಆಪರೇಷನ್ ಅಂತೆ, ಅದಕ್ಕೆಂದು ವಾರ ಮೊದಲೇ ನಿನ್ನ ಮನೆಗೆ ಬರುತ್ತಾಳಂತೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ದೊಡ್ಡಮ್ಮ, ನೀವು ಆ ನೀಲಿ ಅಂಗಿ ಹಾಕ್ಕೊಂಡೇ ಬರ್ಬೇಕು, ನಿಮ್ಮನ್ನ ನೋಡ್ತಾ ಒಳಗೆ ಹೋಗ್ತೀನಿ. ಆರು ವರ್ಷ ಆದ್ರೂ ಒಂದಿಂಚು ಹೆಚ್ಚಾಗಿಲ್ಲ ಅಂತ ಅಮ್ಮ ಹೇಳಿದ್ರು. ನೀವು ಮಾಡಿದ್ದೀರಿ ಅಂದ್ಮೇಲೆ ನಾನೂ ಮಾಡ್ತೀನಿ. ಒಂದು ಸಲ ಆಪರೇಷನ್ ಆಗೋದ್ರೆ ಮುಗೀತಲ್ಲ?”

ಮುಗೀತಂತೆ! ನನಗೆ ಅಂಗಿ ಬಿಚ್ಚಿ ಹೊಲಿದೆ, ಆ ಮಗುವಿಗೆ ಏನು ಬಿಚ್ಚಿ ಹೊಲಿಯುತ್ತೀಯ? ಇಪ್ಪತ್ತಾರು ವರ್ಷದ ಹುಡುಗಿ, ನಿನ್ನ ಸುಳ್ಳನ್ನು ನಂಬಿ ಮೇಜಿನ ಮೇಲೆ ಮಲಗುತ್ತಾಳೆ. ಮೂರು ವರ್ಷ ಆದ ಮೇಲೆ ಅಂಕಿ ಮೇಲೇರತೊಡಗಿದಾಗ ‘ದೊಡ್ಡಮ್ಮ ಗೆದ್ದರು, ನಾನು ಮಾತ್ರ ಸೋತೆ’ ಎಂದುಕೊಂಡು ಯಾರಿಗೂ ಹೇಳದೆ ಬಾಗಿಲು ಹಾಕಿಕೊಳ್ಳುತ್ತಾಳೆ. ಆಸ್ಪತ್ರೆಯ ಫೋನು ಎತ್ತುವುದಿಲ್ಲ. ಆ ದಾರಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು.

ಆಪರೇಷನ್ ಬೇಡ ಎಂದು ನಾನು ಹೇಳುತ್ತಿಲ್ಲ, ಹಾಗೆಂದು ಅವಳಿಗೆ ಹೇಳಿ ತಪ್ಪಿಸಿಕೊಳ್ಳಬೇಡ. ನನಗೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದು, ಮೆಟ್ಟಿಲು ಹತ್ತಿದ್ದು, ರಾತ್ರಿ ಉಸಿರು ಕಟ್ಟದೆ ಮಲಗಿದ್ದು ಅದರಿಂದಲೇ. ಇವತ್ತಿಗೂ ನೂರ ಹದಿನೆಂಟರ ಹತ್ತಿರ ಹೋಗಿಲ್ಲ. ಮಾಡಿಸಿಕೊಳ್ಳಲಿ, ಬಿಡಲಿ, ಅದು ಅವಳ ಹೊಟ್ಟೆ, ಅವಳ ತೀರ್ಮಾನ. ಆದರೆ ತಿಳಿದು ಮಾಡಲಿ. ಹಸಿವು ವಾಪಸು ಬರುತ್ತದೆ ಎಂದು ತಿಳಿದಿರಲಿ. ಬಂದಾಗ ಮುಚ್ಚಿಡದೆ ಮೊದಲನೆಯ ವಾರವೇ ಡಾಕ್ಟರ ಹತ್ತಿರ ಓಡಬೇಕು ಎಂದು ತಿಳಿದಿರಲಿ. ನನಗೆ ಇದನ್ನು ಆಸ್ಪತ್ರೆಯವರು ಹೇಳಿರಲಿಲ್ಲವೇ? ಹೇಳಿದ್ದರು. ತೂಕ ಇಳಿಯುತ್ತಿದ್ದ ಸಂಭ್ರಮದಲ್ಲಿ ಅದು ಕಿವಿಗೆ ಹೋಗಲಿಲ್ಲ. ಮನೆಯವರು ಹೇಳಿದರೆ ಹೋಗುತ್ತದೆಯೋ ಏನೋ.

ಇಪ್ಪತ್ತರ ಒಳಗೆ ನೀನೇ ಅವಳಿಗೆ ಹೇಳು. ನಿನ್ನ ಬಾಯಿಂದಲೇ ಬರಲಿ, ಎಷ್ಟಾದರೂ ತಾಯಿ. ಹೇಳದಿದ್ದರೆ ಇಪ್ಪತ್ತೊಂದರ ಮೊದಲ ಬಸ್ಸಿಗೆ ನಾನು ಬರುತ್ತೇನೆ. ಈಗಿನ ನನ್ನ ಮೈಗೆ ಹಿಡಿಸುವ, ಅಂಗಡಿಯಲ್ಲಿ ಕೊಂಡ ದೊಡ್ಡ ಅಂಗಿ ಹಾಕಿಕೊಂಡು ಬರುತ್ತೇನೆ. ಅವಳ ಮುಂದೆ ನಿಂತು ತೊಂಬತ್ತಾರು ಕಿಲೋ ನಾನೂರು ಗ್ರಾಂ ಎಂದು ಹೇಳುತ್ತೇನೆ. ಆಗ ಅವಳು ನಿನ್ನ ಮುಖ ನೋಡುತ್ತಾಳೆ. ನಾನು ನೋಡುವುದಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಇನ್ನೂ ಆಗುತ್ತಿಲ್ಲ. ಬೆನ್ನುನೋವಿಗೆ ಬಿಸಿನೀರು ಇಟ್ಟುಕೋ, ಕೂತೇ ಇರಬೇಡ.

ನಿನ್ನ ಅಕ್ಕ,
ಮೂಟೆ

ಮರೆತಿದ್ದು: ಕಾಗದ ಮಡಚಿ ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಲಕೋಟೆಯ ತಳದಲ್ಲಿ ಮೂರು ನೀಲಿ ಗುಂಡಿಗಳಿವೆ, ನೋಡು. ಅವು ತಾವಾಗಿ ಬಿದ್ದದ್ದಲ್ಲ. ಪ್ರತಿ ಸಲವೂ ಅಂಗಿ ಉಸಿರು ಕಟ್ಟಿಸಲು ಶುರುಮಾಡಿದಾಗ ಒಂದೊಂದನ್ನು ನಾನೇ ಕತ್ತರಿಯಿಂದ ಕತ್ತರಿಸಿ, ಡಬ್ಬಿಯಲ್ಲಿ ಅಡಗಿಸಿಟ್ಟು, ಅಂಗಿಯನ್ನು ನಿನ್ನ ಕೈಗೆ ಕೊಟ್ಟೆ. ತುಂಡಾದ ದಾರಕ್ಕೂ ಕತ್ತರಿಸಿದ ದಾರಕ್ಕೂ ವ್ಯತ್ಯಾಸ ನಿನಗೆ ಗೊತ್ತಾಗದೆ ಇರುತ್ತದೆಯೇ? ಮರಿಗೆ ಹೇಳುವಾಗ ಇದನ್ನೂ ಹೇಳು.