ಕೈ ಕುಲುಕಿದ ಮೇಲೆ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಇವತ್ತೂ ಜಾರಿದ್ದಾಯಿತು. ಅಂದರೆ, ಜಾರಲು ನೋಡಿದ್ದಾಯಿತು — ಜಾರಲಿಲ್ಲ. ಬಚ್ಚಲಿಗೆ ಸೋಪಿನ ನೀರು, ಅದರ ಮೇಲೆ ಒಂದು ಚಮಚ ಎಣ್ಣೆ. ಊರುಗೋಲು ಊರಿಕೊಂಡು ಆ ಗೋಡೆಯಿಂದ ಈ ಗೋಡೆಗೆ. ಪ್ರತಿ ಡಬ್ಬದಿಂದ ಒಂದು ಬೂಟು ತೆಗೆದು ಕೋಲಿನ ಬುಡಕ್ಕೆ ಹಾಕಿ ಹೀಗೆ ನೋಡಬೇಕು. ಕಂಪನಿಯಲ್ಲಿ ನನ್ನ ಹುದ್ದೆ ಇದೇ.

ಇವರು ಬಾಗಿಲಾಚೆ ನಿಂತು, "ಮೇಡಂ, ಆಫೀಸ್ ಮುಗೀತಾ? ನಾನು ಸ್ನಾನ ಮಾಡ್ಬೇಕು" ಅಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನ ಬಾಯಲ್ಲಿ ಮೇಡಂ ಅನ್ನಿಸಿಕೊಂಡೆ, ಅದೂ ಬಚ್ಚಲಲ್ಲಿ.

ಹೊಸ ಕಂಪನಿಗಳಿಗೆ ದುಡ್ಡು ಹಾಕಿಸುವ ಟಿ.ವಿ. ಕಾರ್ಯಕ್ರಮದವರು ಫಾರಂನಲ್ಲಿ 'ನಿಮ್ಮ ವಸ್ತು ಏನು, ಒಂದೇ ವಾಕ್ಯದಲ್ಲಿ' ಅಂತ ಕೇಳಿದ್ದರು. ನಾನಾಗಿದ್ದರೆ ಪುರಾಣ ಬರೆಯುತ್ತಿದ್ದೆ. ಚಿಕ್ಕವಳು ಬರೆದಳು — ಊರುಗೋಲಿನ ಬುಡಕ್ಕೆ ಹಾಕುವ ರಬ್ಬರ್ ಬೂಟು, ಒದ್ದೆ ನೆಲದಲ್ಲೂ ಜಾರುವುದಿಲ್ಲ.

ಚಿಕ್ಕವಳು ನನ್ನ ವಾರಗಿತ್ತಿ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸ ಇತ್ತು, ಒಳ್ಳೆ ಸಂಬಳ. ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ಬಿಟ್ಟಳು. ನಾವೆಲ್ಲ ಅತ್ತೆಯನ್ನು ನೋಡಿಕೊಳ್ಳುತ್ತಿದ್ದರೆ ಇವಳು ಅತ್ತೆಯ ಕೋಲಿನ ಬುಡ ನೋಡುತ್ತ ಕೂತಿದ್ದಳು. ಆಗ ನನಗೆ ಮೈಯೆಲ್ಲ ಉರಿದಿತ್ತು. ಈಗ ನೋಡಿದರೆ... ನಾಡಿದ್ದು ಶೂಟಿಂಗ್.

ಮಾರ್ಚ್ 6, ಗುರುವಾರ. ಸಂಜೆ, ವಾಪಸ್ ಬರುವ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಬಸ್ಸಿಂದಲೋ ನನ್ನಿಂದಲೋ ಗೊತ್ತಿಲ್ಲ.

ಐದು ಕುರ್ಚಿ, ಐದು ಜನ ದುಡ್ಡಿರುವವರು. ಚಿಕ್ಕವಳು ಒಂದು ಚೀಟಿ ಇಲ್ಲದೆ ಮಾತಾಡಿದಳು, ಪಕ್ಕದ ಮನೆಯವರಿಗೆ ಹೇಳುವ ಹಾಗೆ. ನಾನು ಟೈಲ್ಸ್ ಮೇಲೆ ಸೋಪಿನ ನೀರು ಸುರಿದು ನಡೆದು ತೋರಿಸಿದೆ. ಆ ಐವರಲ್ಲಿ ಬಿಳಿ ಗಡ್ಡದವರು ತಾವೇ ಎದ್ದು ಬಂದು ಕೋಲು ಇಸಿದುಕೊಂಡರು. ಅವರ ಹೊಳೆಯುವ ಬೂಟು ಸರ್ರನೆ ಜಾರಿತು, ನಮ್ಮ ಬೂಟು ಅಲ್ಲಾಡಲಿಲ್ಲ. ಕೋಲನ್ನು ತಬ್ಬಿಕೊಂಡು ನಿಂತರು ಪಾಪ. "ನನ್ನ ಕಾಲಿಗೂ ಒಂದು ಜೊತೆ ಮಾಡಿಕೊಡ್ತೀಯೇನಮ್ಮ?" ಅಂದು ಚಿಕ್ಕವಳ ಕೈ ಕುಲುಕಿದರು. ಕಂಪನಿಯ ಐದನೇ ಒಂದು ಪಾಲಿಗೆ ನಲವತ್ತು ಲಕ್ಷ. ಬೂಟು ಒತ್ತಲು ನಮ್ಮದೇ ಪ್ರೆಸ್, ನಮ್ಮದೇ ಶೆಡ್! ನಮಗೆ ಬೂಟು ಮಾಡಿಕೊಡುವ ರಬ್ಬರ್ ಮೇಷ್ಟ್ರ ವರ್ಕ್‌ಶಾಪಿನಲ್ಲಿ ಅವರ ಕೆಲಸ ಮುಗಿಯಲಿ ಅಂತ ಕಾಯುವುದು ಇನ್ನಿಲ್ಲ.

ಹೊರಗೆ ಸಾಬೂನು ಮಾಡುವವರೊಬ್ಬರು ಕೂತಿದ್ದರು. ಹೋದ ವರ್ಷ ಅವರ ಕೈಯನ್ನೂ ಕುಲುಕಿದ್ದಾರೆ. ಇನ್ನೂ ದುಡ್ಡು ಬಂದಿಲ್ಲವಂತೆ, ದುಡ್ಡು ಹಾಕುವವರು ಪೇಪರ್ ನೋಡುತ್ತಲೇ ಇದ್ದಾರಂತೆ.

"ಮತ್ತೆ ಟಿ.ವಿ.ಲಿ ತೋರ್ಸಿದ್ದು?" ಅಂದೆ.

"ಅದು ನಿಶ್ಚಿತಾರ್ಥ ಅಮ್ಮ. ಮದುವೆ ಆಮೇಲೆ. ಆದ್ರೆ."

ಅಪಶಕುನ. ಚಿಕ್ಕವಳು ಮಾತ್ರ ಅವರ ಫೋನ್ ನಂಬರ್ ತಗೊಂಡಳು, ಏನೇನು ಪೇಪರ್ ಕೇಳ್ತಾರೆ ಅಂತ ವಿಚಾರಿಸಿದಳು. ಟಿ.ವಿ.ಯಲ್ಲಿ ಬರುವ ತನಕ ಯಾರಿಗೂ ಹೇಳುವುದಿಲ್ಲ ಅಂತ ಇಬ್ಬರೂ ಸೈನ್ ಹಾಕಿ ಬಂದಿದ್ದೇವೆ. ನನ್ನ ಹತ್ತಿರ ಇಂಥ ಸೈನ್ ಹಾಕಿಸಿಕೊಂಡವರ ಧೈರ್ಯ ಮೆಚ್ಚಬೇಕು.

ಮಾರ್ಚ್ 7

ಇವರಿಗೆ ಹೇಳಿಬಿಟ್ಟೆ. ಗಂಡ 'ಯಾರಿಗೂ' ಅನ್ನುವುದರಲ್ಲಿ ಬರುವುದಿಲ್ಲ.

ಏಪ್ರಿಲ್ 15, ಮಂಗಳವಾರ

ಬಿಳಿ ಗಡ್ಡದವರ ಆಫೀಸಿನಿಂದ ಮತ್ತೆ ಈಮೇಲ್. ಆ ಸರ್ಟಿಫಿಕೇಟು, ಈ ಬಿಲ್ಲು, ಡಿಸೈನ್ ಯಾರ ಹೆಸರಲ್ಲಿದೆ, ಜಾಗ ಯಾರ ಹೆಸರಲ್ಲಿದೆ. ನಾನು ಮದುವೆಯಾಗಿ ಬಂದಾಗ ನನ್ನ ಬಗ್ಗೆ ಇಷ್ಟು ವಿಚಾರಿಸಿರಲಿಲ್ಲ. ಚಿಕ್ಕವಳು ಒಂದಕ್ಕೂ ಸಿಡುಕದೆ ಕಳಿಸುತ್ತಿದ್ದಾಳೆ. "ಅವರ ದುಡ್ಡು ಅಕ್ಕ, ಕೇಳ್ಬೇಕಲ್ವಾ" ಅನ್ನುತ್ತಾಳೆ. ಮೇ ಎರಡಕ್ಕೆ ಚೆಕಿಂಗ್‌ಗೆ ಒಬ್ಬರು ಮೇಡಂ ಬರುತ್ತಾರೆ. ಅದು ಮುಗಿದರೆ ಸೈನ್.

ಏಪ್ರಿಲ್ 28, ಸೋಮವಾರ. ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಬೆಳಿಗ್ಗೆ ವೃದ್ಧಾಶ್ರಮದ ಮೇಲ್ವಿಚಾರಕಿ ಫೋನ್ ಮಾಡಿದ್ದರು. "ನಿಮ್ಮ ಬೂಟು ಯಾಕೋ ಜಾರ್ತಿದೆಯಮ್ಮ, ಒಂದ್ಸಲ ಬಂದು ನೋಡಿ." ಕಳೆದ ವರ್ಷ ಅಲ್ಲಿಯ ಎಲ್ಲ ಕೋಲಿಗೂ ನಾವೇ ಹಾಕಿ ಬಂದಿದ್ದು. ಇಬ್ಬರೂ ಓಡಿದೆವು. ಕಾರಿಡಾರಿನಲ್ಲಿ ರಿಟೈರ್ಡ್ ಪೋಸ್ಟ್‌ಮಾಸ್ಟರು ಭುಜಕ್ಕೆ ಪಟ್ಟಿ ಹಾಕಿಕೊಂಡು ಕೂತಿದ್ದರು. ಪಕ್ಕದ ಕಂಬಿ ಸಿಕ್ಕಿತಂತೆ, ಬಚಾವಾದರು. "ಮೊದಲು ಬೆಕ್ಕಿನ ಹಾಗೆ ಕಚ್ಚಿ ಹಿಡೀತಿತ್ತು. ಈಗ ಮೀನು" ಅಂದರು. ನಗುತ್ತಲೇ ಅಂದರು. ಅದಕ್ಕೇ ಇನ್ನೂ ಸಂಕಟವಾಯಿತು.

ಚಿಕ್ಕವಳು ಕೋಲು ತಿರುಗಿಸಿ ನೋಡಿದಳು. ಬೂಟಿನ ತಳ ನುಣ್ಣಗೆ, ಗಾಜಿನ ಹಾಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ನೆಲ ಒರೆಸುವವರು ಬಕೆಟ್ ತಂದರು. ಫಿನಾಯಿಲ್. ದಿನಕ್ಕೆ ಎರಡು ಸಲ, ಧಾರಾಳವಾಗಿ. ಚಿಕ್ಕವಳು ಬೂಟಿನ ತಳ ನೋಡಿದಳು, ಬಕೆಟ್ ನೋಡಿದಳು.

"ಅಕ್ಕ, ನಾವು ಇದರಲ್ಲಿ ಟೆಸ್ಟ್ ಮಾಡೇ ಇಲ್ಲ."

ಹೌದು. ಸೋಪು, ಶಾಂಪೂ, ಎಣ್ಣೆ, ಪೌಡರ್, ಒಂದು ಸಲ ಕೈತಪ್ಪಿ ಹಾಲು — ಎಲ್ಲದರ ಮೇಲೂ ನಡೆದಿದ್ದೇನೆ. ಆದರೆ ಅತ್ತೆಗೆ ಆಸ್ಪತ್ರೆಯಿಂದ ಬಂದ ಮೇಲೆ ಫಿನಾಯಿಲ್ ವಾಸನೆ ಬಂದರೆ ವಾಂತಿ. ಅವತ್ತಿನಿಂದ ನಮ್ಮ ಮನೆಗೆ ಅದರ ಬಾಟಲಿಯೇ ಬಂದಿಲ್ಲ. ನೆಲಕ್ಕೆ ಬರೀ ನೀರು. ಊರಿಗೆಲ್ಲ ಮಾಡಿದ ಬೂಟನ್ನು ನಾವು ನಮ್ಮ ಮನೆಯ ನೆಲಕ್ಕೆ ಮಾತ್ರ ಪರೀಕ್ಷೆ ಮಾಡಿದ್ದೇವೆ.

ಏಪ್ರಿಲ್ 29

ಅಡುಗೆಮನೆಯಲ್ಲಿ ಜಗಳ. ಜಗಳ ಅಂದರೆ ನಾನೊಬ್ಬಳೇ ಮಾಡಿದ್ದು.

ಶುಕ್ರವಾರ ಚೆಕಿಂಗ್ ಮೇಡಂ ಬರುತ್ತಾರೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರೋಣ. ಸೈನ್ ಆಗಲಿ, ದುಡ್ಡು ಬರಲಿ, ಆ ದುಡ್ಡಲ್ಲೇ ಹೊಸ ಬೂಟು ಮಾಡಿ ಎಲ್ಲರಿಗೂ ಪುಕ್ಕಟೆ ಹಂಚೋಣ. ನಾನೇನು ಮೋಸ ಮಾಡು ಅಂದೆನಾ?

"ಅಲ್ಲೀವರೆಗೂ ಯಾರಾದ್ರೂ ಬಿದ್ರೆ?"

"ಎಲ್ಲರೂ ಬೀಳಲ್ಲ ಕಣೆ."

ಅಂದೆ. ಬಾಯಿಂದ ಬಂದಿದ್ದು ಬಂತು. ಅವಳು ಫೋನ್ ತಗೊಂಡು ಕೂತಳು. ಬೂಟು ಕೊಂಡವರಿಗೆಲ್ಲ ಒಬ್ಬೊಬ್ಬರಿಗೇ — "ನಮಸ್ಕಾರ, ಮನೇಲಿ ನೆಲಕ್ಕೆ ಫಿನಾಯಿಲ್ ಹಾಕ್ತೀರಾ? ಹಾಗಾದ್ರೆ ದಯವಿಟ್ಟು ಇವತ್ತಿಂದ ನಮ್ಮ ಬೂಟು ಹಾಕ್ಬೇಡಿ, ಹಳೇದನ್ನೇ ಹಾಕ್ಕೊಳಿ. ತಪ್ಪು ನಮ್ಮದೇ." ಕೆಲವರು ಬೈದರು. ಬೈಸಿಕೊಂಡಳು. ಸಂಜೆಗೆ ಗಂಟಲು ಕಟ್ಟಿ ಬರೀ ಗಾಳಿ ಬರುತ್ತಿತ್ತು. ಅತ್ತೆ ಕೋಲು ಊರಿಕೊಂಡು ಬಂದು ಅವಳ ಪಕ್ಕ ಬಿಸಿನೀರಿನ ಲೋಟ ಇಟ್ಟು ಹೋದರು.

ಸಿಟ್ಟು ಇಳಿದಿಲ್ಲ. ಇನ್ನು ಮೂರು ದಿನ ತಡೆದಿದ್ದರೆ ಏನಾಗುತ್ತಿತ್ತು ಇವಳಿಗೆ?

ಮೇ 2, ಶುಕ್ರವಾರ

ಮೇಡಂ ಚಿಕ್ಕ ವಯಸ್ಸಿನವರು. ಕ್ಯಾನ್ವಾಸ್ ಶೂ, ದೊಡ್ಡ ಬ್ಯಾಗು, ಲ್ಯಾಪ್‌ಟಾಪು. ಎಲ್ಲ ಪೇಪರೂ ಸರಿ ಇದೆ, ಇಷ್ಟು ನೀಟಾಗಿ ಇಟ್ಟವರನ್ನ ನೋಡೇ ಇಲ್ಲ ಅಂದರು. ನನಗೆ ಎದೆ ಉಬ್ಬಿತು. ಇನ್ನೊಂದು ಸಲ ಟೀ ಕೊಟ್ಟೆ. ಬೇಗ ಎದ್ದು ಹೋಗಲಿ ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಹೊರಡುವಾಗ ಕೇಳಿದರು. "ಇನ್ನೇನಾದ್ರೂ ನಮಗೆ ತಿಳಿಸಬೇಕಾದ್ದು ಇದೆಯಾ?"

ಕೇಳುವ ಶಾಸ್ತ್ರಕ್ಕೆ ಕೇಳಿದ್ದು. 'ಇಲ್ಲ' ಅಂದರೆ ಮುಗಿಯಿತು. ಚಿಕ್ಕವಳನ್ನೇ ನೋಡಿದೆ, ಬೇಡ ಕಣೆ ಅಂತ ಕಣ್ಣಲ್ಲೇ ಕೈ ಮುಗಿದೆ. ಎದ್ದು ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಪೋಸ್ಟ್‌ಮಾಸ್ಟರ ಬೂಟು, ಇನ್ನೊಂದರಲ್ಲಿ ಹೊಸದಾಗಿ ಕೊಂಡು ತಂದ ಫಿನಾಯಿಲ್ ಬಾಟಲಿ. ಎರಡನ್ನೂ ಮೇಜಿನ ಮೇಲಿಟ್ಟು, ಕಟ್ಟಿದ ಗಂಟಲಲ್ಲೇ ಮೊದಲಿಂದ ಕೊನೆವರೆಗೂ ಹೇಳಿದಳು.

ಮೇಡಂ ಬಹಳ ಹೊತ್ತು ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ನೀವು ಹೇಳ್ದೇ ಇದ್ದಿದ್ರೆ ನನಗೆ ಗೊತ್ತಾಗ್ತಾನೇ ಇರ್ಲಿಲ್ಲ."

"ಗೊತ್ತು" ಅಂದಳು ಇವಳು.

ಗೇಟಿನ ಹತ್ತಿರ ಆ ಮೇಡಂ ಬ್ಯಾಗು ಕೆಳಗಿಟ್ಟು ಇವಳ ಕೈ ಕುಲುಕಿ ಹೋದರು. ಕಿಟಕಿಯಿಂದ ನೋಡಿದೆ.

ಮೇ 3

ಚಿಕ್ಕವಳ ಜೊತೆ ಮಾತಿಲ್ಲ. ಇವತ್ತು ಅಡುಗೆಮನೆಯಲ್ಲಿ ಪಾತ್ರೆಗಳೇ ಮಾತಾಡಿದ್ದು.

ಮೇ 12, ಸೋಮವಾರ

ಬಿಳಿ ಗಡ್ಡದವರು ತಾವೇ ಫೋನ್ ಮಾಡಿದರು. ಚಿಕ್ಕವಳು ಸ್ಪೀಕರ್ ಹಾಕಿದಳು. ನಾನು ಕೇಳಲಿ ಅಂತಲೇ ಹಾಕಿದ್ದು.

ಕೆಟ್ಟ ಮನುಷ್ಯ ಅಲ್ಲ. ದನಿಯಲ್ಲಿ ಅಕ್ಕರೆಯೇ ಇತ್ತು. "ನಿನ್ನ ಮೇಲೆ ಗೌರವ ಇದೆಯಮ್ಮ. ಆದರೆ ನೋಡು, ಇಪ್ಪತ್ತೈದಕ್ಕೆ ನಿಮ್ಮ ಎಪಿಸೋಡ್ ಬರುತ್ತೆ. ಆರ್ಡರ್ ಹರಿದು ಬರುತ್ತೆ. ಈ ಫೋನ್ ಮಾಡೋದು ನಿಲ್ಸು. ಎರಡು ತಿಂಗಳು ಕಳೀಲಿ, ಸದ್ದಿಲ್ಲದೆ ಬೂಟು ಬದಲಾಯ್ಸೋಣ. ಒಪ್ಕೊಂಡ್ರೆ ನಾಳೆನೇ ಸೈನ್. ದುಡ್ಡು ಈ ವಾರವೇ."

ನಾನು ಅಡುಗೆಮನೆಯಲ್ಲಿ ಅಂದಿದ್ದೂ ಇದನ್ನೇ, ಹೆಚ್ಚುಕಡಿಮೆ ಇದೇ ಮಾತಲ್ಲಿ. ನನ್ನ ಬಾಯಲ್ಲಿ ಜಾಣತನ ಅನ್ನಿಸಿದ್ದು ಅವರ ಬಾಯಲ್ಲಿ ಕೇಳಿದಾಗ ನಾಚಿಕೆಯಾಯಿತು.

ಚಿಕ್ಕವಳು ಸ್ವಲ್ಪ ಯೋಚನೆ ಮಾಡಿ ಕೇಳಿದಳು. "ಸರ್, ಆ ಎರಡು ತಿಂಗಳು ಅವರೆಲ್ಲ ಸ್ನಾನಕ್ಕೆ ಹೋಗದೆ ಇರ್ತಾರಾ?"

 ಅದಕ್ಕೆ ಅವರು, "ಹಾಗಾದ್ರೆ ನನ್ನಿಂದ ಆಗಲ್ಲಮ್ಮ. ಒಳ್ಳೇದಾಗಲಿ."

ಮುಗಿಯಿತು. ನಲವತ್ತು ಲಕ್ಷ, ಶೆಡ್, ಪ್ರೆಸ್. ನನಗೆ ಅಂಥ ಹೊತ್ತಿನಲ್ಲೂ ನಗು ಬಂತು. ಸ್ನಾನಕ್ಕೆ ಹೋಗದೆ ಇರ್ತಾರಾ ಅಂತೆ! ಆ ದೊಡ್ಡ ಮನುಷ್ಯನಿಗೆ! ಅವಳೂ ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು ಅವಳಿಗೆ. ಅವಳಿಗೂ ಆಸೆ ಇತ್ತು, ನನಗಿಂತ ಜಾಸ್ತಿಯೇ ಇತ್ತು. ಹತ್ತಿರ ಎಳೆದುಕೊಂಡೆ. ಇವಳ ಮುಂದೆ ನಾನು ಬರೀ ವಯಸ್ಸಿನಲ್ಲಿ ದೊಡ್ಡವಳು. ಇದನ್ನು ಅವಳಿಗೆ ಹೇಳಲಾರೆ, ಇಲ್ಲಿ ಬರೆದಿರುತ್ತೇನೆ.

ಮೇ 19

ಮನೆ ತುಂಬ ಬಕೆಟ್. ರಬ್ಬರ್ ಮೇಷ್ಟ್ರು ಬಿಡುವಾದಾಗಲೆಲ್ಲ ಹೊಸ ಮಿಶ್ರಣ ಹಾಕಿ ಬೂಟು ಒತ್ತಿಕೊಡುತ್ತಿದ್ದಾರೆ, ನಾವು ಫಿನಾಯಿಲ್‌ನಲ್ಲಿ ನೆನೆಹಾಕುತ್ತಿದ್ದೇವೆ. ಅಂಗಳದಲ್ಲಿಡೋಣ ಅಂದರೆ ಅತ್ತೆಯೇ ಬೇಡ ಅಂದರು. "ಬಿಸಿಲಲ್ಲಿ ಇಟ್ರೆ ಮನೆ ನೆಲದ ಹಾಗೆ ಆಗುತ್ತೇನ್ರೇ? ನನ್ನ ರೂಮ್ ದೊಡ್ಡದು, ಅಲ್ಲೇ ಇಡಿ." ಮೂಗಿಗೆ ಟವಲ್ ಕಟ್ಟಿಕೊಂಡು ಡಕಾಯಿತರ ಹಾಗೆ ಮಲಗುತ್ತಾರೆ. ಎರಡು ಸಲ ವಾಂತಿಯಾಯಿತು. ಬಕೆಟ್ ತೆಗೆಯಲು ಬಿಡಲಿಲ್ಲ.

ಮೊದಲ ಮಿಶ್ರಣ ಫೇಲು. ಎರಡನೆಯದು ಅಂಟು ಅಂಟು — ಊರಿದ ಕೋಲು ಮೇಲೇಳಲೇ ಇಲ್ಲ. "ಇದು ಕೋಲಲ್ಲ, ಕಂಬ" ಅಂದರು ಅತ್ತೆ. ಮೂರನೆಯದು ನೆನೆಯುತ್ತಿದೆ.

ಮೇ 25, ಭಾನುವಾರ

ಬಂತು ನಮ್ಮ ಎಪಿಸೋಡ್. ಅಕ್ಕಪಕ್ಕದವರು, ನೆಂಟರು, ಕೂರಲು ಜಾಗವಿಲ್ಲ. ಎಲ್ಲರಿಗೂ ಫಿನಾಯಿಲ್ ವಾಸನೆ, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಹೊಸ ಬಟ್ಟೆ ಹಾಕಿಕೊಂಡು ಹೋಗಿದ್ದಕ್ಕೆ ಟಿ.ವಿ.ಯಲ್ಲಿ ತೋರಿಸಿದ್ದು ನೀರು ಸುರಿಯುವ ಒಂದು ಕೈ, ಒಂದು ಬೆನ್ನು. "ಕೈ ಚೆನ್ನಾಗಿ ಆಕ್ಟ್ ಮಾಡಿದೆ" ಅಂದರು ಇವರು.

ಕೊನೆಗೆ ಕೈ ಕುಲುಕಿದ್ದು. ಮ್ಯೂಸಿಕ್ಕು, ಮೇಲಿಂದ ಬಣ್ಣಬಣ್ಣದ ಕಾಗದ. ಮನೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಎದುರುಮನೆಯಾಕೆ, "ನಲವತ್ತು ಲಕ್ಷ! ಇನ್ನು ನಮ್ಮನ್ನೆಲ್ಲ ಮರೀಬೇಡಿ ಕಣ್ರೀ" ಅಂದರು. ಚಾನೆಲ್‌ನವರು ಮೊದಲೇ ಹೇಳಿಕೊಟ್ಟಿದ್ದರು — ಯಾರಾದರೂ ಕೇಳಿದರೆ 'ಮಾತುಕತೆ ನಡೀತಿದೆ' ಅನ್ನಿ, ಸುಳ್ಳೂ ಆಗಲ್ಲ. ಮೈದುನ, ಚಿಕ್ಕವಳ ಗಂಡ, ಅದನ್ನೇ ಹೇಳಲು ಬಾಯಿ ತೆರೆದ.

"ಆ ಡೀಲ್ ಆಗ್ಲಿಲ್ಲ" ಅಂದಳು ಚಿಕ್ಕವಳು. ಟಿ.ವಿ.ಯಲ್ಲಿ ಅವಳ ತಲೆ ಮೇಲೆ ಇನ್ನೂ ಕಾಗದ ಉದುರುತ್ತಿತ್ತು.

ಮೇ 26, ಸೋಮವಾರ. ಬೆಳಿಗ್ಗೆ

ಫೋನಿಗೆ ಬಿಡುವಿಲ್ಲ. ಚಿಕ್ಕವಳು ವರ್ಕ್‌ಶಾಪಿಗೆ ಹೋಗಿದ್ದಾಳೆ, ಫೋನ್ ನನ್ನ ಕೈಗೆ ಕೊಟ್ಟು. ಏನು ಹೇಳಬೇಕು ಅಂತ ಹೇಳಿಕೊಡಲಿಲ್ಲ. "ನಿಮಗೆ ಗೊತ್ತಲ್ಲ ಅಕ್ಕ" ಅಂದಳು ಅಷ್ಟೆ.

ಎಲ್ಲರೂ ಕೇಳುವುದು ಅದೇ. ಡೀಲ್ ಆಯ್ತಾ? ಮೊದಲಿಬ್ಬರಿಗೆ ಮಾತುಕತೆ ನಡೀತಿದೆ ಅಂದೆ. ಸಲೀಸಾಗಿ ಬಂತು. ಫೋನ್ ಇಟ್ಟ ಮೇಲೆ ಅವತ್ತು ಕಟ್ಟಿದ್ದ ಅವಳ ಗಂಟಲು ನೆನಪಾಯಿತು.

ಮೂರನೆಯವರು ಯಾರೋ ಗಂಡಸು. ತಾಯಿಗೆ ಎಂಬತ್ತು ದಾಟಿದೆಯಂತೆ, ಮನೆಯಲ್ಲಿ ಇಬ್ಬರೇ ಅಂತೆ. ಬೂಟು ಇವತ್ತೇ ಬೇಕು, ಎಷ್ಟಾದರೂ ಸರಿ ಅಂದರು. ಆಮೇಲೆ ಅವರೂ — "ಡೀಲ್ ಆಯ್ತಲ್ವಾ ನಿಮ್ದು?"

"ಆಗ್ಲಿಲ್ಲ ಸರ್" ಅಂದೆ. ಯಾಕೆ ಅಂದರು. ಹೇಳಿದೆ. ಪೋಸ್ಟ್‌ಮಾಸ್ಟರ ಭುಜ, ಬಕೆಟ್, ಅತ್ತೆಯ ಮೂಗು, ಎಲ್ಲ. ಸದ್ಯಕ್ಕೆ ಯಾರಿಗೂ ಮಾರುತ್ತಿಲ್ಲ, ಸರಿಯಾದ ದಿನ ನಾವೇ ಫೋನ್ ಮಾಡುತ್ತೇವೆ ಅಂದೆ.

 ಬೈದು ಇಟ್ಟೇಬಿಡುತ್ತಾರೆ ಅಂದುಕೊಂಡೆ.

"ನಮ್ಮನೇಲೂ ಫಿನಾಯಿಲೇ ಹಾಕೋದಮ್ಮ. ನನ್ನ ನಂಬರ್ ಬರ್ಕೊಳ್ಳಿ, ಕಾಯ್ತೀನಿ. ಅಲ್ಲೀವರೆಗೂ ಅಮ್ಮನ ಕೈ ನಾನೇ ಹಿಡ್ಕೋತೀನಿ."

ಬರೆದುಕೊಂಡೆ. ಅಕ್ಷರ ಸೊಟ್ಟಸೊಟ್ಟ ಬಂತು, ಕಣ್ಣು ಕಾಣಿಸಲಿಲ್ಲ. ಮೊದಲಿಬ್ಬರ ನಂಬರೂ ಫೋನಿನಲ್ಲಿದೆ, ಅವರಿಗೂ ನಾನೇ ವಾಪಸ್ ಮಾಡಬೇಕು.

ಮತ್ತೆ ರಿಂಗ್ ಆಗುತ್ತಿದೆ. ಫೋನ್ ಮಾಡಿದವರು ಕೇಳುವ ಮೊದಲೇ ಈ ಸಲ ನಾನೇ ಹೇಳಿಬಿಡುತ್ತೇನೆ.