ಅಂಗಡಿಗೆ ಬೇಕಾದಷ್ಟು ಫಿನ್ನಿಶ್

ಬುಧವಾರ
ನಿನಗೆ ಎಚ್ಚರ ತಪ್ಪಿ ಹನ್ನೆರಡನೆಯ ದಿನ

ನನ್ನ ಮುದ್ದು ಪುಟ್ಟಿ,

ಕೇಳಿಸುತ್ತಿದೆಯೇನೇ? ನಾಳೆ ಮಧ್ಯಾಹ್ನ ನಿನ್ನ ಗಂಡ ಆಸ್ಪತ್ರೆಯಲ್ಲಿ ಫೋನನ್ನು ನಿನ್ನ ಕಿವಿಗೆ ಹಿಡಿಯುತ್ತಾನಂತೆ. ಗುರುತಿನ ದನಿ ಕೇಳಿದರೆ ಎಚ್ಚರವಾದರೂ ಆಗಬಹುದು ಎಂದಿದ್ದಾರೆ ಡಾಕ್ಟರು. ಬಾಯಿಗೆ ಬಂದದ್ದು ಆಡಿಬಿಡುವ ಚಾಳಿ ನನಗೆ, ನಿನಗೇ ಗೊತ್ತಲ್ಲ. ಅದಕ್ಕೇ ಬರೆದಿಟ್ಟುಕೊಂಡು ಓದುತ್ತೇನೆ.

ನಾಲ್ಕು ವರ್ಷದ ಹಿಂದೆ ನೀನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ವಿಡಿಯೊ ಕರೆ ಮಾಡಿದ್ದೆ. ಮಗುವಿಗೆ ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ. ಮೊದಲು ಅವಳಿಗೆ ನಮ್ಮ ಮಾತು ಕಲಿಸು, ಆಮೇಲೆ ಫೋನು ಮಾಡು ಎಂದು ಕರೆ ಕತ್ತರಿಸಿಬಿಟ್ಟೆ. ನನ್ನನ್ನು ಕೇಳದೆ ಮದುವೆಯಾದೆ ಎಂಬ ಸಿಟ್ಟು ಒಳಗೆ ಕುದಿಯುತ್ತಿತ್ತು. ನೀನೂ ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು, ಮತ್ತೆ ಫೋನು ಮಾಡಲೇ ಇಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ನಿನ್ನ ಸೈಕಲ್ಲಿಗೆ ಲಾರಿ ಬಡಿದ ಸುದ್ದಿ ಅಳಿಯ ಫೋನಿನಿಂದ ಅನುವಾದ ಮಾಡಿಸಿದ ಯಂತ್ರಗನ್ನಡದಲ್ಲಿ ಕಳಿಸಿದ. ಅಂದಿನಿಂದ ಮಗು ಯಾರೊಡನೆಯೂ ಬಾಯಿ ಬಿಟ್ಟಿಲ್ಲ, ನೀವಾದರೂ ಮಾತಾಡಿಸಿ ಎಂದು ಬೇಡಿಕೊಂಡ. ಯಾವ ಬಾಯಲ್ಲಿ ಮಾತಾಡಿಸಲಿ? ಅವಳಾಡುವುದು ನಿನ್ನ ಗಂಡನ ಫಿನ್ನಿಶ್ ಭಾಷೆ. ಯಂತ್ರದ ದನಿ ಕೇಳಿದರೆ ಮಗು ಎದ್ದು ಓಡುತ್ತದೆ. ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಸಿಕ್ಕಿದ್ದು ಒಂದೇ ಪುಸ್ತಕ, ಪ್ರವಾಸಿಗರು ಅಂಗಡಿಯಲ್ಲಿ ಆಡಬೇಕಾದ ಫಿನ್ನಿಶ್. ಗ್ರಂಥಾಲಯದ ಮೇಡಂ ಒಂದೊಂದು ಮಾತನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು. ಹೊಲಿಗೆ ಯಂತ್ರ ತುಳಿಯುತ್ತಾ ಬಾಯಿಪಾಠ ಮಾಡಿದೆ. ರವಿಕೆಯ ಅಳತೆ ಕೊಡಲು ಬಂದವರು ಅರವತ್ತಕ್ಕೆ ಅರಳುಮರಳು ಎಂದು ನಕ್ಕರು.

ವಿಡಿಯೊ ಕರೆ ಮಾಡಿ, ಫೋನಿನ ಮುಂದೆ ಅಂಗಿಯ ಒಂದು ಕೆಂಪು ಗುಂಡಿ ಹಿಡಿದು ಕೇಳಿದೆ, ಪಲ್ಯೊಂಕೊ ತ್ಯಾಮ್ಯಾ ಮಕ್ಸಾ? ಇದಕ್ಕೆ ಎಷ್ಟು? ಮಗು ನೋಡುತ್ತಲೇ ಕೂತಿತು. ಮೂರು ದಿನ ನೂಲಿನ ಉಂಡೆ, ಅಳತೆ ಪಟ್ಟಿ, ಕತ್ತರಿ ಎಲ್ಲದರ ಬೆಲೆ ಕೇಳಿದೆ. ನಾಲ್ಕನೆಯ ದಿನ ಕಕ್ಸಿ ಅಂದಳು ಕಣೇ! ಎರಡು ಎಂದರ್ಥವಂತೆ. ಹಿಂದೆ ನಿಂತಿದ್ದ ಅಳಿಯ ಗೋಡೆಗೆ ಮುಖ ಮಾಡಿ ಅತ್ತ. ಆಮೇಲೆ ಅವಳೇ ಅಂಗಡಿ ಇಟ್ಟಳು. ಚಮಚ ಮಾರಿದಳು, ಅಪ್ಪನ ಬೂಟು ಮಾರಿದಳು. ಕೊಸರು ಕೇಳೋಣವೆಂದರೆ ಪುಸ್ತಕದಲ್ಲಿ ಆ ಮಾತೇ ಇಲ್ಲ.

ನಿನ್ನೆ ನಿನ್ನ ನೀಲಿ ಕೋಟು ಎಳೆದು ತಂದಳು. ನನ್ನ ತಲೆಗೆ ಏನು ಮಂಕು ಕವಿದಿತ್ತೋ, ಅದಕ್ಕೂ ಬೆಲೆ ಕೇಳಿದೆ. ಏಯ್, ಏಯ್, ಎಂದಳು. ಇಲ್ಲ, ಇಲ್ಲ ಎಂದು. ಕೋಟಿನೊಳಗೆ ಮುಖ ಹುದುಗಿಸಿ ಅಳತೊಡಗಿದಳು. ನಾನು ಪುಸ್ತಕ ತಡಕಾಡಿದೆ. ಬೇರೆ ಬಣ್ಣದ್ದು ಇದೆಯೇ, ಚಿಕ್ಕದು ಕೊಡಿ, ಚೀಲ ಬೇಡ. ಅಳುವ ಮಗುವಿಗೆ ಹೇಳುವ ಮಾತು ಒಂದೂ ಇಲ್ಲ. ಅಳಬೇಡ ಕಂದಾ ಎಂದು ನಮ್ಮ ಮಾತಿನಲ್ಲೇ ಹೇಳುತ್ತಾ ನಾನೂ ಅತ್ತೆ. ಅವಳು ಫೋನು ಇಡಲಿಲ್ಲ.

ನಾನು ಅಂಗಡಿಯ ಮಾತನ್ನಷ್ಟೇ ಬಲ್ಲೆ ತಾಯೀ. ಅವಳಿಗೆ ಬೇಕಾದದ್ದು ನಿನ್ನ ಬಾಯಲ್ಲಿದೆ. ನನ್ನ ಮೇಲಿನ ಸಿಟ್ಟಿಗಾದರೂ ಏಳು. ಎದ್ದು ನನಗೆ ಬೈಯಿ, ಒಂದು ಮಾತೂ ತಿರುಗಿ ಆಡುವುದಿಲ್ಲ. ಬೆರಳಾದರೂ ಅಲ್ಲಾಡಿಸೇ.

ನಿನ್ನ ಹಠಮಾರಿ
ಅಮ್ಮ

ತಾ.ಕ.: ಇದನ್ನು ನಾಳೆ ಓದುವ ಧೈರ್ಯ ಬರುತ್ತದೋ ಇಲ್ಲವೋ. ಮಗುವಿಗೆ ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ ಎಂದೆನಲ್ಲ, ಅದು ಸುಳ್ಳು. ನೀನು ಅವಳ ಕಿವಿಯಲ್ಲಿ ಏನೋ ಹೇಳಿಕೊಟ್ಟೆ. ಅವಳು ನನ್ನನ್ನೇ ನೋಡಿ, ತೊದಲುತ್ತಾ, ಅಜ್ಜಿ ಎಂದಳು. ಅದನ್ನು ಕೇಳಿದ ಮೇಲೆಯೇ ನಾನು ಕರೆ ಕತ್ತರಿಸಿದ್ದು.